ಹೊಟ್ಟೆ ತುಂಬಿದ ಕೌದಿಗಳು

ಹೊಳೆಗೆ ಎರಡು ದಡ, ದಡಕ್ಕೊಬ್ಬ ರಾಜ ಇದ್ದ ಕಾಲ. ಈಚೆ ದಡದಲ್ಲಿ ಕಡವಿನಹಾಳ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಸಂಕವ್ವ ಅಂತ ಒಬ್ಬ ವಿಧವೆ. ಗಂಡ ಸತ್ತು ಏಳು ವರ್ಷ ಆದರೂ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕೋದು ಬಿಟ್ಟಿರಲಿಲ್ಲವಂತೆ. ಊರಿಗೆ ಹೊಟ್ಟೆಯುರಿಯಲು ಅಷ್ಟು ಸಾಕಿತ್ತು.

ಒಂದು ವರ್ಷ ಮೂಡಲ ಸೀಮೆಯ ದೊರೆ ಏಳು ಸಾವಿರ ದಂಡು ತಂದು ಆಚೆ ನಾಡಿನ ಮೇಲೆ ಬಿದ್ದನಂತೆ. ತೆನೆ ಕಟ್ಟಿದ ಜೋಳಕ್ಕೆ ಬೆಂಕಿ ಇಟ್ಟನಂತೆ. ಅಲ್ಲಿ ಗಂಡಸರು ಹೊಳೆದಂಡೆಯ ಕೋಟೆ ಕಾಯ್ತಾರೆ, ಹೆಂಗಸರು ಮಕ್ಕಳು ಹುಣಸೆ ಚಿಗುರು ಬೇಯಿಸಿ ತಿಂತಾರೆ. ನಮ್ಮ ರಾಜ ಏನು ಮಾಡಿದ? ಅವನದು ಮೀಸೆ ಮಾತ್ರ ದೊಡ್ಡದು. ಆ ದೊರೆ ನಮ್ಮ ಕಡೆಗೂ ತಿರುಗಿಯಾನು ಅಂತ ನಡುಗಿ ಡಂಗುರ ಹೊಡೆಸಿದ: "ಒಂದು ಕಾಳು ಹೊಳೆ ದಾಟಬಾರದು. ದಾಟಿಸಿದವರ ಕೈ ಕಡೀತೀವಿ!" ಕಾಯೋದಕ್ಕೆ ದಡದಲ್ಲಿ ಒಬ್ಬ ಜಮಾದಾರನನ್ನೂ ಕೂಡಿಸಿದ.

ಡಂಗುರ ಕೇಳಿದಾಗ ಸಂಕವ್ವ ಕೌದಿ ಹೊಲೀತಿದ್ದಳಂತೆ. ಅವಳ ಮೂರು ಹೆರಿಗೆಗೂ ಆಚೆ ದಡದ ಸೂಲಗಿತ್ತಿ ನೀಲವ್ವನೇ ತುಂಬಿದ ಹೊಳೆಯಲ್ಲಿ ದೋಣಿ ಹತ್ತಿ ಬಂದಿದ್ದಳು. ಹುಟ್ಟೋದು ಯಾವ ರಾಜನ ಪ್ರಜೆ ಅಂತ ಅವಳು ಕೇಳಿರಲಿಲ್ಲ.

"ನಾನಿಲ್ಲಿ ಬಿಸಿರೊಟ್ಟಿ ಮುರೀಲಿ, ಆಕಿ ಅಲ್ಲಿ ಸೊಪ್ಪು ಮೇಯಲಿ ಅಂದ್ರ ಹೆಂಗ?" ಅಂದುಕೊಂಡಳಂತೆ.

ಕೌದಿಗೆ ಕೊನೆಯ ಹೊಲಿಗೆ ಹಾಕೋ ಮೊದಲು ಒಳಗೆ ಒಂದು ಹಿಡಿ ಜೋಳ ಇಡೋದು ಆ ಸೀಮೆಯ ಪದ್ಧತಿ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ. ಸಂಕವ್ವ ಹಿಡಿ ಜೋಳ ಕೈಯಲ್ಲಿ ಹಿಡಿದವಳು ಹಾಗೇ ಕೂತಳು. ಒಂದು ಹಿಡಿ ಹಿಡಿಸೋ ಹೊಟ್ಟೆಗೆ ನಾಲ್ಕು ಸೇರು ಹಿಡಿಸೋದಿಲ್ಲವೇ?

ಅವತ್ತೇ ಊರ ಹೆಂಗಸರನ್ನು ಕರೆದಳು. ಮನೆಮನೆಯಲ್ಲೂ ಹಳೇ ಸೀರೆ, ಹಳೇ ಧೋತರ ಹೊರಗೆ ಬಂದವು. ಜೋಳ ಒಂದೇ ಕಡೆ ಜಾರದ ಹಾಗೆ ಚೌಕ ಚೌಕವಾಗಿ ಹೊಲಿದರು. ಗಂಡಸರಿಗೆ ಮಾತ್ರ ಹೇಳಲಿಲ್ಲ. ಅವರ ಬಾಯಲ್ಲಿ ಏನು ನಿಲ್ಲುತ್ತೆ, ಎಲೆಅಡಿಕೆ ಬಿಟ್ಟರೆ?

ಅಂಬಿಗರ ದುರುಗಪ್ಪನಿಗೆ ಮೀನು ಹಿಡಿಯೋದಕ್ಕೆ ಅಪ್ಪಣೆ ಇತ್ತು. ಹೆಂಡತಿ ಇಲ್ಲದವ, ಒಂದು ಕಾಲು ಕುಂಟು. ಸಂಕವ್ವ ದಿನಾ ತಲೆ ಮೇಲೆ ಕೌದಿ ಹೊತ್ತು ಅವನ ಗುಡಿಸಲಿಗೆ ಹೋಗೋಳು, ಬರಿಗೈಲಿ ಬರೋಳು. ಅವನು ಅದನ್ನು ಬಲೆಯ ಕೆಳಗಿಟ್ಟು ಆಚೆ ನೀಲವ್ವನಿಗೆ ಮುಟ್ಟಿಸೋನು.

ಊರು ಸುಮ್ಮನಿರುತ್ತದೆಯೇ? "ಒಬ್ಬ ಅಂಬಿಗಗ ದಿನಕ್ಕೊಂದು ಹಾಸಿಗಿ!" ಅಂತ ಕಟ್ಟೆಯ ಮೇಲೆ ನಕ್ಕಿದ್ದೇ ನಕ್ಕಿದ್ದು.

ಜಮಾದಾರನೂ ಕಣ್ಣು ಹೊಡೆದ. "ಏನ್ ಸಂಕವ್ವ, ಕೌದಿ ಭಾಳ ದಪ್ಪ?"

"ಹೊಳಿ ದಂಡಿ ಚಳಿ ಐತ್ರಿ ಜಮಾದಾರ್ರ."

ಅವನು ನಕ್ಕನೇ ಹೊರತು ಕೌದಿ ಮುಟ್ಟಿ ನೋಡಲಿಲ್ಲ. ಅದನ್ನು ಕಂಡ ಸಂಕವ್ವ ಮರುದಿನದಿಂದ ಹೆರಳಿಗೆ ಮಲ್ಲಿಗೆಯನ್ನೂ ಮುಡಿದು ಹೊರಟಳಂತೆ! ಮಾನ ಹೋದರೆ ಹೋಗಲಿ, ಜೋಳ ಹೋಗಬೇಕು.

ಕೊನೆಗೆ ಗೌಡ ಪಂಚಾಯ್ತಿ ಕೂಡಿಸಿದ. ತಮಾಷೆ ನೋಡಲು ಜಮಾದಾರನೂ ಬಂದು ಕೂತ.

"ನಿಜ ಹೇಳಬೇ ಸಂಕವ್ವ. ಅಂಬಿಗನ ಕಡೆ ಹೋಗೋದು ಖರೇನೋ ಸುಳ್ಳೋ?"

ಸುಳ್ಳೆಂದರೆ ಕೌದಿ ಯಾಕೆ ಅಂತ ಕೇಳ್ತಾರೆ. ಕೌದಿ ಬಿಚ್ಚಿದರೆ ದುರುಗಪ್ಪನ ಕೈ, ಅವಳ ಕೈ ಎರಡೂ ಹೋಗ್ತವೆ, ಆಚೆಯವರ ತುತ್ತೂ ನಿಲ್ಲುತ್ತದೆ. ಸಂಕವ್ವ ತಲೆ ಎತ್ತಿಯೇ ಹೇಳಿದಳು: "ಖರೇರಿ ಗೌಡ್ರ. ಹೋಗೇನಿ. ನಾಳೀನೂ ಹೋಗಾಕಿ."

"ಹಂಗಾದ್ರ ನೀ ಊರು ಬಿಡು. ಅವನ ದೋಣಿ ಸುಡ್ರಿ!"

ದೋಣಿ ಅಂದದ್ದೇ ತಡ, ಸಂಕವ್ವ ಹೊಳೆ ಕಡೆ ತಿರುಗಿದಳು. ಇರೋದು ಅದೊಂದೇ ದೋಣಿ. ಅಷ್ಟರಲ್ಲಿ ಹಿಂದಿನಿಂದ ಕೋಲು ಊರಿಕೊಂಡು ಕೆಂಚವ್ವ ಎದ್ದಳು. ಎಂಬತ್ತು ವರ್ಷ, ಬಾಯಲ್ಲಿ ಒಂದು ಹಲ್ಲಿಲ್ಲ.

"ಆಕಿ ಒಬ್ಬಾಕಿಗೇ ಯಾಕೋ ಶಿಕ್ಷೆ? ನಾನೂ ಹೋಗೇನಿ ಆ ದುರುಗಪ್ಪನ ಕಡೆ!"

"ಯಮ್ಮಾ, ನೀನಾ?"

"ಯಾಕ, ನನಗ ಚಳಿ ಆಗೂದಿಲ್ಲೇನು?"

ಬಡಿಗೇರ ಗಂಗವ್ವ ಎದ್ದಳು: "ನಾನೂ." ಕುಂಬಾರ ನಿಂಗವ್ವ ಎದ್ದಳು: "ನಾನೂ." ಒಬ್ಬೊಬ್ಬರಾಗಿ ನಲವತ್ತು ಮಂದಿ ಎದ್ದರಂತೆ. ದುರುಗಪ್ಪ ಮುಖ ಮುಚ್ಚಿಕೊಂಡ. ಕೊನೆಗೆ ಎದ್ದವಳು ಯಾರಂತೀರಿ? ಗೌಡನ ಹೆಂಡತಿ!

"ನಾನೂ ಹೋಗೇನ್ರಿ," ಅಂದಳು ಆ ಮಹಾತಾಯಿ, ಸೆರಗು ಸರಿಮಾಡಿಕೊಳ್ಳುತ್ತಾ. "ಯಾರ್ಯಾರನ್ನ ಊರು ಬಿಡಸ್ತೀರಿ ಬಿಡಸ್ರಿ. ರೊಟ್ಟಿ ನೀವೇ ಬಡಕೋರಿ."

ಗೌಡ ಲೆಕ್ಕ ಹಾಕಿದ. ಊರು ಬಿಡಿಸಬೇಕಾದರೆ ತನ್ನ ಮನೆಯಿಂದಲೇ ಶುರು. ದೋಣಿ ಸುಟ್ಟರೆ ಯಾಕೆ ಸುಟ್ಟಿರಿ ಅಂತ ಹತ್ತೂರು ಕೇಳ್ತವೆ. "ಇದೊಂದು ಹೆಂಗಸರ ಹುಚ್ಚು, ಎದ್ದು ನಡೀರಿ," ಅಂದ. ಜಮಾದಾರ ಹೊಟ್ಟೆ ಹಿಡಿದು ನಕ್ಕು, ರಾಜನಿಗೆ ಓಲೆ ಕಳಿಸಿದ: ಇಲ್ಲಿ ಕಾಳು ದಾಟುತ್ತಿಲ್ಲ ಮಹಾಪ್ರಭು, ಇಲ್ಲಿನ ಹೆಂಗಸರಿಗೆ ಅಂಬಿಗನ ಹೊರತು ಬೇರೆ ಲಕ್ಷ್ಯವೇ ಇಲ್ಲ.

ಮರುದಿನ ನಲವತ್ತು ಕೌದಿ ಹೋದವು.

ಆರು ತಿಂಗಳು ಕಾದು ಸೋತ ಮೂಡಲ ದೊರೆ ದಂಡು ತಿರುಗಿಸಿದನಂತೆ. ಉಂಡ ಕೋಟೆ ಬಗ್ಗುತ್ತದೆಯೇ? ಮುಂದಿನ ಸುಗ್ಗಿಗೆ ದುರುಗಪ್ಪನ ದೋಣಿ ತುಂಬಾ ಕೌದಿಗಳು ವಾಪಸು ಬಂದವು. ಮೇಲೆ ಸೂಲಗಿತ್ತಿ ನೀಲವ್ವ ಕೂತಿದ್ದಳು. ತೊಳೆದು ಮಡಿ ಮಾಡಿದ ಕೌದಿಗಳು, ಒಂದೊಂದರ ಹೊಟ್ಟೆಯಲ್ಲೂ ಆಚೆ ನೆಲದ ಒಂದು ಹಿಡಿ ಹೊಸ ಜೋಳ.

ಗೌಡ ಒಂದು ಕೌದಿ ಬಿಡಿಸಿ ನೋಡಿದ. ಕಳೆದುಹೋಗಿದೆ ಅಂತ ಅವನು ವರ್ಷವಿಡೀ ಹುಡುಕಿದ ತಲೆಯ ಕೆಂಪು ರುಮಾಲು ಅದರ ನಟ್ಟನಡುವೆ ಹೊಲಿಸಿಕೊಂಡು ಕೂತಿತ್ತು! ಹೆಂಡತಿ ಮುಖ ನೋಡಿದ, ಸಂಕವ್ವನ ಮುಖ ನೋಡಿದ. ಕೌದಿ ಮಡಚಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ನಡೆದನಂತೆ.

ಆ ಚಳಿಗೆ ಅವರು ಕೌದಿ ಹೊದ್ದು ಬೆಚ್ಚಗೆ ಮಲಗಿದರಂತೆ, ಈ ಚಳಿಗೆ ನಾವು ಅವರ ಕತೆ ಹೊದ್ದು ಕೂತೇವಿ.