ಕುಪ್ಪನ ಒಲೆ

ನಂಬದವರು ನಂಬದೇ ಇರಲಿ, ಯಾರನ್ನೂ ಕೈಹಿಡಿದು ನಂಬಿಸುವ ದರ್ದು ಕೋಡಿಬೇಲೆಯವರಿಗಿಲ್ಲ. ಆದರೆ ಹಾಗೆನ್ನುವವರು ಮಳೆಗಾಲದಲ್ಲಿ ಒಮ್ಮೆ ನಮ್ಮೂರ ಅಳಿವೆಯ ಬಾಯಲ್ಲಿ ನಿಂತು, ಹೊಳೆ ಕಡಲಿಗೆ ನುಗ್ಗುವುದನ್ನು ಕಣ್ಣಾರೆ ಕಂಡು, ಎದುರಿಗೆ ಕಡಲ ನಡುವೆ ಇರುವ ಆ ಕರಿಗುಡ್ಡವನ್ನು ನೋಡುತ್ತಲೇ ಸುಳ್ಳು ಎನ್ನಲಿ. ಅಷ್ಟು ಗಟ್ಟಿ ನಾಲಿಗೆಯವರು ಇದುವರೆಗೆ ಬಂದಿಲ್ಲ. ಪಡುಗಡಲಿನ ದಂಡೆ ಗುಜರಾತಿನಿಂದ ಕೇರಳದವರೆಗೆ ಉದ್ದಕ್ಕೆ ಮಲಗಿದೆ. ಅದರ ಮಗ್ಗುಲಲ್ಲಿ ದ್ವೀಪಗಳು ಎಷ್ಟೋ. ಕೆಲವಕ್ಕೆ ಕೋಟೆಯ ಹೆಸರು, ಕೆಲವಕ್ಕೆ ದೇವರ ಹೆಸರು, ಕೆಲವಕ್ಕೆ ಹಕ್ಕಿಗಳ ಹೆಸರು. ಒಲೆಯ ಹೆಸರು ಹೊತ್ತ ದ್ವೀಪ ನಮ್ಮ ಈ ಕರಿಗುಡ್ಡವೊಂದೇ. ನೆತ್ತಿಯ ಮೇಲೆ ಅಂಗೈಯಗಲ ಹುಲ್ಲು, ಪಡುವಣಕ್ಕೆ ತೆರೆ ತಿಂದ ಬಂಡೆ, ಮೂಡಣಕ್ಕೆ ಮನುಷ್ಯ ಕೂರಬಹುದಾದಷ್ಟು ಕಲ್ಲಿನ ಪಡಸಾಲೆ, ಅದರ ಪಕ್ಕದಲ್ಲಿ ಸಿಹಿನೀರು ನಿಲ್ಲುವ ಒಂದು ಕುಣಿ. ಅರಬರ ಹಡಗುಗಳು ಕುದುರೆ ಇಳಿಸಿ ಮೆಣಸು ಒಯ್ಯುತ್ತಿದ್ದ ಕಾಲದಲ್ಲಿ ಕುಡಿಯುವ ನೀರಿಗೆಂದು ಕೊರೆಸಿದ ಕುಣಿ ಅದು ಎನ್ನುತ್ತಾರೆ. ಆಮೇಲೆ ಬಂದ ಪೋರ್ತುಗೀಸರು ಗುಡ್ಡಕ್ಕೆ ತಮ್ಮದೊಂದು ಹೆಸರಿಟ್ಟು ನಕಾಶೆಯಲ್ಲಿ ಬರೆದುಕೊಂಡರಂತೆ. ಆ ಹೆಸರು ಅವರ ಹಡಗಿನ ಜೊತೆಗೇ ಹೋಯಿತು. ಉಳಿದದ್ದು ನಮ್ಮವರು ಕರೆದ ಹೆಸರು, ಕುಪ್ಪನ ಒಲೆ.

ಹಿಂದೆ ಒಮ್ಮೆ, ಮೆಣಸಿನ ಹಡಗುಗಳ ಗದ್ದಲವೆಲ್ಲ ಅಡಗಿದ್ದ ಕಾಲದಲ್ಲಿ, ಕೋಡಿಬೇಲೆಯಲ್ಲಿ ಕುಪ್ಪನೆಂಬ, ಮೀನು ಹಿಡಿಯುವ ಹರಿಕಂತ್ರರ ಹುಡುಗನಿದ್ದ. ಅವನ ಬಾಯಲ್ಲಿ ಬಂಗುಡೆ ಬೆಳೆದು ತಿಮಿಂಗಿಲವಾಗುತ್ತಿತ್ತು. ಹಾಗೆಂದು ಬರೀ ಬಾಯಿಯವನಲ್ಲ. ಹುಟ್ಟು ಹಿಡಿದು ಕೂತನೆಂದರೆ ಅವನ ಪಾತಿದೋಣಿಯನ್ನು ಹಿಂದೆ ಹಾಕಿದವರು ಊರಲ್ಲಿ ಯಾರೂ ಇರಲಿಲ್ಲ, ಆಚೆ ಊರಲ್ಲೂ ಇರಲಿಲ್ಲ. ಅವನ ಕಣ್ಣು ಇದ್ದದ್ದು ತಾಂಡೇಲನ ಜಾಗದ ಮೇಲೆ. ದೊಡ್ಡ ದೋಣಿಯಲ್ಲಿ ಹಿಂದೆ ನಿಂತು, ಬಲೆ ಎಲ್ಲಿ ಬೀಳಬೇಕು, ದೋಣಿ ಯಾವಾಗ ತಿರುಗಬೇಕು ಎಂದು ಹೇಳುವವನು ತಾಂಡೇಲ; ಅವನ ಮಾತಿಗೆ ಎದುರಿಲ್ಲ. ಆಗಿನ ತಾಂಡೇಲ ಈರಪ್ಪನಿಗೆ ವಯಸ್ಸಾಗಿತ್ತು, ಬರುವ ಶ್ರಾವಣದ ನೂಲ ಹುಣ್ಣಿಮೆಗೆ ಹೊಸಬನ ನೇಮಕವಾಗಬೇಕಿತ್ತು. ನಮ್ಮ ಕಡೆ ಮೃಗಶಿರ ಮಳೆ ಹಿಡಿಯಿತೆಂದರೆ ಕಡಲು ಮುಚ್ಚಿತು ಎನ್ನುತ್ತಾರೆ. ದೋಣಿಗಳನ್ನು ಮೇಲೆಳೆದು ತೆಂಗಿನ ಮಡಲು ಹೊದಿಸಿಬಿಟ್ಟರೆ, ಮತ್ತೆ ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆಯೇ ನೀರಿಗಿಳಿಸುವುದು. ದೋಣಿ ಮೇಲೆಳೆಯುವ ದಿನ, ಎಲ್ಲರೂ ಸೇರಿದ್ದಲ್ಲೇ ಕುಪ್ಪ ತನ್ನ ಆಸೆಯನ್ನು ಬಾಯಿಬಿಟ್ಟು ಕೇಳಿದ. ಈರಪ್ಪ ಹಗ್ಗ ಸುತ್ತುತ್ತಿದ್ದವನು ತಲೆ ಎತ್ತಲಿಲ್ಲ.

“ಹುಟ್ಟು ನಿನ್ನ ಮಾತು ಕೇಳ್ತದೆ, ಖರೆ. ನೀ ಯಾರ ಮಾತು ಕೇಳ್ತೆ ಮಾರಾಯ?”

ಎಲ್ಲರೂ ನಕ್ಕರು. ಆ ನಗು ಕುಪ್ಪನಿಗೆ ಮುಳ್ಳಿನಂತೆ ಚುಚ್ಚಿತು. ಕಡಲು ಮುಚ್ಚಿದ ಮೇಲೆಯೇ ಕರಿಗುಡ್ಡಕ್ಕೆ ಹೋಗಿ, ಅಲ್ಲಿನ ಬಂಡೆಗಂಟಿದ ಕಲ್ವಾ ಚಿಪ್ಪುಗಳನ್ನು ಬುಟ್ಟಿ ತುಂಬ ಕಿತ್ತು ತಂದು ಈರಪ್ಪನ ಅಂಗಳದಲ್ಲಿ ಸುರಿಯುತ್ತೇನೆ ಎಂದ. ಮನೆಯಲ್ಲಿ ಹೆಂಡತಿ ಮಂಕಾಳಿ ಇದನ್ನು ಕೇಳಿ, ತಂದರೆ ಬೇಯಿಸುವುದೂ ನೀನೇ, ನಾನಂತೂ ಒಲೆ ಹಚ್ಚುವುದಿಲ್ಲ ಎಂದಳು. ಒಲೆ ಹಚ್ಚುವುದು ಏನು ಮಹಾ ವಿದ್ಯೆ, ನಿನಗಿಂತ ಚೆನ್ನಾಗಿ ಹಚ್ಚುತ್ತೇನೆ ಎಂದು ಹೇಳಿ, ಮಳೆ ಬಿಟ್ಟು ಹೊಳವಾದ ಒಂದು ಬೆಳಗ್ಗೆ ಅವನು ಮಡಲು ಸರಿಸಿ ಪಾತಿದೋಣಿ ಎಳೆದುಕೊಂಡು ಹೊರಟೇಬಿಟ್ಟ.

ಹೋಗುವಾಗ ಹೊಳೆಯ ನೆರೆಯೇ ಅವನನ್ನು ಹೊತ್ತೊಯ್ದಿತು. ಹುಟ್ಟು ಹಾಕುವ ಕೆಲಸವೂ ಬೀಳಲಿಲ್ಲ, ಕುಪ್ಪ ಹಾಡು ಹೇಳಿಕೊಂಡು ಹೋದ. ಕೆಂಪು ನೀರು ಅಳಿವೆಯಿಂದ ನೆಟ್ಟಗೆ ಗುಡ್ಡದ ಕಡೆಗೇ ಹರಿಯುತ್ತದೆ, ಹೋದದ್ದನ್ನು ತಿರುಗಿ ತರುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ತನ್ನ ರಟ್ಟೆಯ ಮುಂದೆ ಅದು ಯಾವ ಲೆಕ್ಕ ಎಂದುಕೊಂಡಿದ್ದ. ಬುಟ್ಟಿ ಅರ್ಧ ತುಂಬುವ ಹೊತ್ತಿಗೆ ಪಡುವಣದಿಂದ ಬಂದ ಒಂದು ತೆರೆ ದೋಣಿಯನ್ನು ಎತ್ತಿ ಬಂಡೆಗೆ ಅಪ್ಪಳಿಸಿತು. ಎರಡು ಹೋಳಾಯಿತು. ಒಂದು ಹೋಳು ಅವನ ಕಣ್ಣೆದುರೇ ಕಡಲಿಗೆ ಹೋಯಿತು. ಇನ್ನೊಂದನ್ನು ಅಪ್ಪಿ ಹಿಡಿದು ಎಳೆದು ಕಲ್ಲಿನ ಪಡಸಾಲೆಗೆ ಸೇರಿಸಿದ.

ಅಲ್ಲಿಂದ ಶುರುವಾಯಿತು ಅವನ ಸೆರೆವಾಸ. ಗೋಡೆಯಿಲ್ಲ, ಬಾಗಿಲಿಲ್ಲ, ಕಾವಲಿನವನಿಲ್ಲ. ಊರು ಎದುರಿಗೇ ಇದೆ. ಸುರಹೊನ್ನೆ ಮರದ ಪಕ್ಕದ ತನ್ನ ಗುಡಿಸಲು ಕಾಣುತ್ತದೆ, ಸೂರಿನಿಂದ ಏಳುವ ಹೊಗೆ ಕಾಣುತ್ತದೆ. ಕೂಗಿದರೆ ಮಾತ್ರ ತೆರೆಯ ಸದ್ದು ಕೂಗನ್ನು ಬಾಯಿಂದ ಹೊರಡುವ ಮೊದಲೇ ನುಂಗುತ್ತದೆ. ಹಸಿ ಕಲ್ವಾ ತಿಂದ, ಏಡಿ ತಿಂದ, ಕುಣಿಯ ನೀರು ಕುಡಿದ. ಬಲಕ್ಕೆ ನಡೆದರೆ ಕಡಲು, ಎಡಕ್ಕೆ ನಡೆದರೆ ಕಡಲು. ಒಂದು ಬೀಡಾ ಜಗಿದು ಮುಗಿಸುವಷ್ಟರಲ್ಲಿ ಗುಡ್ಡವೆಲ್ಲ ಸುತ್ತಿ ಆಗುತ್ತಿತ್ತು. ಮಳೆ ಹಿಡಿದರೆ ಊರೂ ಅಳಿಸಿಹೋಗುತ್ತಿತ್ತು. ಆಗ ಅವನು ಬೆನ್ನನ್ನು ಕಲ್ಲಿಗೆ ಒತ್ತಿ ಕೂತು, ಬಂಡೆಯ ಮುಂದೆ ತನ್ನ ಪ್ರತಾಪಗಳನ್ನೇ ಹೇಳಿಕೊಳ್ಳುತ್ತಿದ್ದನಂತೆ. ಕೊನೆಗೆ ಅದೂ ಬೇಸರವಾಯಿತು.

ಸೊಂಟದ ಬಿದಿರು ನಳಿಗೆಯಲ್ಲಿ ಚಕಮಕಿ ಕಲ್ಲು ನೆನೆಯದೆ ಉಳಿದಿತ್ತು. ಪಡಸಾಲೆಯ ಒಳಮೂಲೆಯಲ್ಲಿ ತೆರೆ ತಂದು ಹಾಕಿದ ಕೊರಡುಗಳಿದ್ದವು. ಒಂದು ಸಂಜೆ ಮಳೆ ಬಿಟ್ಟಾಗ, ಎದೆ ಕಲ್ಲು ಮಾಡಿಕೊಂಡು ಉಳಿದ ಅರ್ಧ ದೋಣಿಯಿಂದ ಒಂದು ಹಲಗೆ ಕಿತ್ತು, ಕೊರಡುಗಳ ಜೊತೆ ಸೇರಿಸಿ ದೊಡ್ಡ ಬೆಂಕಿ ಮಾಡಿದ. ದಂಡೆಯಲ್ಲಿ ಜನ ಓಡಿ ಬಂದು ಸೇರುವುದು ಕಂಡಿತು. ಕುಪ್ಪ ಕುಣಿದ. ನೋಡುತ್ತಿದ್ದಂತೆ ಅವರೆಲ್ಲ ಒಟ್ಟಿಗೆ ಬಗ್ಗಿದರು. ಆಮೇಲೆ ದಂಡೆಯುದ್ದಕ್ಕೂ ಸಣ್ಣ ಸಣ್ಣ ದೀಪಗಳು ಹೊತ್ತಿಕೊಂಡವು. ತನಗೆ ಸಿಕ್ಕ ಉತ್ತರವೆಂದು ತಿಳಿದು ಅವನು ಇನ್ನೊಂದು ಹಲಗೆ ಹಾಕಿದ. ದೋಣಿ ಮಾತ್ರ ಬರಲಿಲ್ಲ. ಮರುದಿನ ಹೊಳೆಯ ಕೆಂಪು ನೀರಿನಲ್ಲಿ ತೇಲಿ ಬಂದದ್ದು ಒಂದು ತೆಂಗಿನಕಾಯಿ. ಅದಕ್ಕೆ ಕುಂಕುಮ ಹಚ್ಚಿತ್ತು, ಹಿಂಗಾರದ ಎಸಳು ಸುತ್ತಿತ್ತು.

ಕಾಯಿ ಕೈಯಲ್ಲಿ ಹಿಡಿದಾಗಲೇ ಕುಪ್ಪನಿಗೆ ವಿಷಯ ಹೊಳೆದದ್ದು. ಕಡಲು ಮುಚ್ಚಿದ ಕಾಲದಲ್ಲಿ ಕಡಲ ಜಟಗನೆಂಬ ದೇವರು ಗುಡ್ಡದ ಮೇಲೆ ಕೂತು ದಂಡೆ ಕಾಯುತ್ತಾನೆ ಎಂಬುದು ಊರಿನ ನಂಬಿಕೆ. ಒಡೆದ ದೋಣಿಯ ಹೋಳು ತೇಲಿಹೋದದ್ದು ಕಂಡು ಕುಪ್ಪ ಮುಳುಗಿದ ಎಂದು ಅಳುತ್ತಿದ್ದವರಿಗೆ ಗುಡ್ಡದಲ್ಲಿ ಬೆಳಕು ಕಂಡಿತು. ಅದನ್ನು ಅವರು ಜಟಗ ಹಚ್ಚಿದ ದೀಪ ಎಂದುಕೊಂಡಿದ್ದರು. ಅವನು ಬೆಂಕಿ ದೊಡ್ಡದು ಮಾಡಿದಷ್ಟೂ ಅವರ ಭಕ್ತಿ ದೊಡ್ಡದಾಯಿತು. ದೇವರು ಕೂತ ಜಾಗಕ್ಕೆ ದೋಣಿ ತರುವವರು ಯಾರು? ಊರವರ ಬಾಯಲ್ಲಿ ಒಂದು ಒಳ್ಳೆಯ ಮಾತು ಬರಲೆಂದು ಹಾತೊರೆಯುತ್ತಿದ್ದವನಿಗೆ ಈಗ ಊರಿಗೆ ಊರೇ ಕೈಮುಗಿಯುತ್ತಿತ್ತು. ಅವನು ಕಾಯಿ ಒಡೆದು ತಿಂದು, ಚಿಪ್ಪನ್ನು ದಂಡೆಯ ಕಡೆಗೆ ಬೀಸಿ ಒಗೆದ. ಹೊಳೆಯ ನೀರು ಅದನ್ನು ತಿರುಗಿ ಅವನ ಕಾಲ ಬಳಿಗೇ ತಂದು ಹಾಕಿತು. ಆ ದಿನ ಕುಪ್ಪ ಅತ್ತ ಎನ್ನುತ್ತಾರೆ. ನಮ್ಮೂರಲ್ಲಿ ಇದನ್ನು ಯಾರೂ ಮುಚ್ಚಿಡುವುದಿಲ್ಲ.

ಅತ್ತು ಮುಗಿದ ಮೇಲೆ ಯೋಚಿಸಿದ. ಮನುಷ್ಯ ಮಾಡುವಂಥದ್ದು, ದೇವರು ಮಾಡದೇ ಇರುವಂಥದ್ದು ಯಾವುದು? ಎದುರಿಗೆ ಸುರಹೊನ್ನೆಯ ಪಕ್ಕದಲ್ಲಿ ಮಂಕಾಳಿ ಬೆಳಗಿನ ಗಂಜಿಗೆ ಇಟ್ಟಿದ್ದಳು, ಹೊಗೆ ಏಳುತ್ತಿತ್ತು. ಕುಪ್ಪ ಮೂರು ಕಲ್ಲು ಹೂಡಿದ. ಅವಳ ಒಲೆಯ ಹೊಗೆ ಎದ್ದಾಗಲೆಲ್ಲ ತಾನೂ ಒಂದು ಚೂರು ಹಲಗೆ ಉರಿಸಿ, ಮೇಲೆ ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸಿದ. ಬೆಳಗ್ಗೆ, ಮಧ್ಯಾಹ್ನ, ಬೈಗಿಗೆ. ಮಳೆ ಸುರಿದ ದಿನ ಸುಮ್ಮನೆ ಕೂತ. ದೋಣಿ ದಿನದಿನಕ್ಕೆ ಕರಗುತ್ತ ಬಂತು. ದಂಡೆಯಲ್ಲಿ ಯಾವ ಗಲಭೆಯೂ ಇಲ್ಲ. ತೆಂಗಿನಕಾಯಿ ಮಾತ್ರ ತಪ್ಪದೆ ಬರುತ್ತಿತ್ತು. ಕೊನೆಗೆ ಉಳಿದದ್ದು ಅವನು ಕೂತು ಹುಟ್ಟು ಹಾಕುತ್ತಿದ್ದ ಅಡ್ಡಹಲಗೆ ಒಂದೇ.

ಒಂದು ಬೆಳಗ್ಗೆ ಗುಡಿಸಲಿನಿಂದ ಹೊಗೆ ಏಳಲಿಲ್ಲ. ಮಳೆ ಇರಲಿಲ್ಲ, ಗಾಳಿಯೂ ಇರಲಿಲ್ಲ. ಮಧ್ಯಾಹ್ನವೂ ಇಲ್ಲ. ಮಂಕಾಳಿಗೆ ಏನಾಯಿತು, ತವರಿಗೆ ಹೋದಳೇ, ಮಲಗಿಬಿಟ್ಟಳೇ ಎಂದು ಅವನು ಗುಡಿಸಲಿನ ಮೇಲಿಂದ ಕಣ್ಣು ಕೀಳದೆ ಕಾದ. ಹೊತ್ತು ಪಡುವಣಕ್ಕೆ ವಾಲಿದ ಮೇಲೆ, ಯಾರೂ ಒಲೆ ಹಚ್ಚದ ಹೊತ್ತಿನಲ್ಲಿ, ಸುರಹೊನ್ನೆಯ ಪಕ್ಕ ಬಿಳಿ ಹೊಗೆ ಎದ್ದಿತು. ಕುಪ್ಪ ಎಡವುತ್ತ ಓಡಿ ಅಡ್ಡಹಲಗೆಯನ್ನು ಸೀಳಿ ಬೆಂಕಿ ಮಾಡಿದ. ಅಲ್ಲಿನ ಹೊಗೆ ಥಟ್ಟನೆ ನಿಂತಿತು. ಅವನು ಕೈಯಲ್ಲಿ ನೀರು ಮೊಗೆದು ತನ್ನದನ್ನೂ ಆರಿಸಿದ. ಅಲ್ಲಿ ಮತ್ತೆ ಎದ್ದಿತು. ಒದ್ದೆ ಕಟ್ಟಿಗೆಯನ್ನು ಊದಿ ಊದಿ, ಕೆನ್ನೆ ನೋಯುವಷ್ಟು ಊದಿ, ಕೊನೆಗೊಂದು ಎಳೆ ಹೊಗೆ ಬರಿಸಿದ. ಅಷ್ಟೇ. ಸುಡಲು ಇನ್ನೇನೂ ಉಳಿದಿರಲಿಲ್ಲ.

ಆಚೆ ದಂಡೆಯಲ್ಲಿ ಆದದ್ದು ಅವನಿಗೆ ಆಮೇಲೆ ಗೊತ್ತಾಯಿತು. ತಾನು ಒಲೆ ಹಚ್ಚಿದಾಗಲೆಲ್ಲ ಗುಡ್ಡದಲ್ಲೂ ಹೊಗೆ ಏಳುವುದನ್ನು ಮಂಕಾಳಿ ಗಮನಿಸಿದ್ದಳು, ಯಾರಿಗೂ ಹೇಳದೆ ಇದ್ದಳು. ಆ ದಿನ ಬೆಳಗ್ಗೆಯಿಂದ ಬೇಕೆಂದೇ ಒಲೆ ಹಚ್ಚದಿದ್ದವಳು, ಹೊತ್ತು ವಾಲಿದ ಮೇಲೆ ಈರಪ್ಪನನ್ನು ಕರೆತಂದು ಗುಡಿಸಲಿನ ಮುಂದೆ ಕೂರಿಸಿ, ಒಲೆ ಹಚ್ಚಿ, ಆರಿಸಿ, ಮತ್ತೆ ಹಚ್ಚಿ ತೋರಿಸಿದ್ದಳು.

“ಈರಪ್ಪಮಾವ, ಜಟಗ ದೇವ್ರು ನನ್ನ ಒಲೆ ನೋಡ್ಕಂಡು ಗಂಜಿ ಬೇಯಿಸ್ತಾನಾ?”

ಈರಪ್ಪ ಎದ್ದು ಹೋಗಿ ತನ್ನ ದೋಣಿಯ ಮಡಲು ತಾನೇ ಎಳೆದು ಹಾಕಿದ. ನೂಲ ಹುಣ್ಣಿಮೆ ಇನ್ನೂ ಬಂದಿಲ್ಲ, ಕಡಲಿಗೆ ಕಾಯಿ ಕೊಟ್ಟಿಲ್ಲ ಎಂದು ಜನ ಅಡ್ಡ ಬಂದರು. ಅವನ ಉತ್ತರವನ್ನು ಊರು ಈಗಲೂ ಹೇಳುತ್ತದೆ:

“ಕಡಲು ಮುಚ್ಚಿದ್ದು ಮೀನು ಹಿಡಿಯೂಕೆ. ಮನುಷ್ಯನ್ನ ತರೂಕಲ್ಲ.”

ಮರುದಿನ ಬೆಳಗ್ಗೆ ದೋಣಿಯ ಹಿಂಬದಿಗೆ ಉದ್ದನೆಯ ಹಗ್ಗ ಬಿಗಿದರು. ಅದರ ಇನ್ನೊಂದು ತುದಿಯನ್ನು ಊರಿನ ಗಂಡಸರು ಹೆಂಗಸರೆಲ್ಲ ಹಿಡಿದು ನಿಂತರು. ಹೊಳೆಯ ನೆರೆ ದೋಣಿಯನ್ನು ಒಯ್ದಿತು. ತಿರುಗಿ ತರುವುದು ಹಗ್ಗದ ಕೆಲಸ. ದೋಣಿ ಬಂಡೆಗೆ ತಾಗುವಾಗ ಕುಪ್ಪ ಎಲುಬಿನ ಗೂಡಾಗಿ ನಿಂತಿದ್ದ, ಆದರೂ ಬಾಯಿ ಸುಮ್ಮನಿರಲಿಲ್ಲ. ಇಷ್ಟು ದಿನ ನೀವೆಲ್ಲ ಕೈಮುಗಿದದ್ದು ನನಗೇ ಎಂದ. ಈರಪ್ಪ ಒಂದು ಹುಟ್ಟನ್ನು ಅವನ ಕಡೆ ಚಾಚಿ, “ಹಾಗಾದ್ರೆ ದೇವ್ರೇ, ಇದನ್ನು ಹಿಡಿ” ಎಂದ.

ಇವತ್ತು ಗುಡ್ಡಕ್ಕೆ ಹೋದವರು ಕಲ್ಲಿನ ಪಡಸಾಲೆಯಲ್ಲಿ ಮಸಿ ಹಿಡಿದ ಮೂರು ಕಲ್ಲುಗಳನ್ನು ನೋಡಬಹುದು. ಅವುಗಳ ಹಿಂದೆ, ಮಳೆ ತಾಗದ ಮೂಲೆಯಲ್ಲಿ, ಒಣ ಕಟ್ಟಿಗೆಯ ಹೊರೆ, ಮುಚ್ಚಳ ಬಿಗಿದ ಅಕ್ಕಿಯ ಮಡಕೆ, ಉಪ್ಪಿನ ಗಂಟು, ಬೆಂಕಿಪೊಟ್ಟಣ ಇರುತ್ತವೆ. ಅದು ಯಾರ ನೈವೇದ್ಯವೂ ಅಲ್ಲ, ಸಿಕ್ಕಿಬಿದ್ದವರಿಗೆ ಇಟ್ಟದ್ದು. ಎಲ್ಲ ದೋಣಿಗಳೂ ಮೇಲೇರಿದ ಮೇಲೆ, ಕಡಲು ಮುಚ್ಚುವ ಮುನ್ನ, ಊರಿನ ಒಂದೇ ಒಂದು ದೋಣಿ ಇದನ್ನು ಇಟ್ಟು ಬರುತ್ತದೆ. ಅದನ್ನು ನಡೆಸುವವರು ಕುಪ್ಪನ ಮನೆತನದವರು. ಆ ವರ್ಷದ ನೂಲ ಹುಣ್ಣಿಮೆಗೆ ತಾಂಡೇಲನ ಜಾಗ ಈರಪ್ಪನ ಅಣ್ಣನ ಮಗನಿಗೆ ಹೋಯಿತು. ಕುಪ್ಪನಿಗೆ ಊರು ಕೊಟ್ಟದ್ದು ಆ ಕಟ್ಟಿಗೆಯ ಹೊರೆ, ವರ್ಷವರ್ಷವೂ ಒಯ್ದು ಇಡಲಿಕ್ಕೆ.