ದೋಣಿ ಆಟವನ್ನು ಬೆರಳಲ್ಲಿ ಇಟ್ಟುಕೊಂಡಿದ್ದ ಅಕ್ಕೋರು

ಬಹಳ ಹಿಂದೆ, ಗಿರಣಿಯ ಭೋಂಗಾ ಕೂಗಿದಾಗ ಊರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಮುತ್ತಗುಂದಿ ಎಂಬ ಊರಿನಲ್ಲಿ ಒಬ್ಬ ಅಕ್ಕೋರು ಇದ್ದರು. ಹೆಸರು ಶೇವಂತಾಬಾಯಿ. ಗಿರಣಿ ಕೆಲಸಗಾರರ ಚಾಳಿನ ಕೊನೆಯ ಎರಡು ಕೋಣೆಗಳಲ್ಲಿ ಅವರದೊಂದು ಟೈಪಿಂಗ್ ಶಾಲೆ. ಆರು ಟೈಪ್‌ರೈಟರು, ಆರು ಸ್ಟೂಲು, ಗೋಡೆಯ ಮೇಲೆ ಯಾವ ಬೆರಳು ಯಾವ ಕೀಲಿಗೆ ಎಂದು ತೋರಿಸುವ ಒಂದು ಚಿತ್ರ. ಅಕ್ಕೋರು ಹೊಡೆಯುವಾಗ ಕೀಲಿ ನೋಡುತ್ತಿರಲಿಲ್ಲ, ಹಾಳೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲಿಸಿದ ಪ್ರತಿಯನ್ನಷ್ಟೇ ನೋಡುತ್ತಿದ್ದರು. ಅವರು ಹೊಡೆಯುವ ಸದ್ದು ಕೇಳಿ ಮಳೆ ಬಂತೆಂದು ಹೆಂಗಸರು ಒಣಹಾಕಿದ ಹಪ್ಪಳ ಒಳಗೆ ತರುತ್ತಿದ್ದರು ಅನ್ನುತ್ತಾರೆ. ಅಷ್ಟೇನೂ ಇರಲಿಲ್ಲ. ಆದರೆ ಸದ್ದು ಜೋರಾಗಿಯೇ ಇತ್ತು.

ಆ ಊರಿನ ಗಿರಣಿ ಒಂದು ದಿನ ಮುಚ್ಚಿತು. ಮಾಲೀಕರು ಬೀಗ ಹಾಕಿಕೊಂಡು ಹೋದರು, ಭೋಂಗಾ ನಿಂತಿತು. ಇಂಜಿನಿಯರ್ ಸಾಹೇಬರೂ ಬಂಗಲೆ ಖಾಲಿ ಮಾಡಿದರು. ಹೋಗುವಾಗ ಅವರು ಒಂದು ಡಬ್ಬಿಯನ್ನು ಅಕ್ಕೋರ ಮೇಜಿನ ಮೇಲೆ ಇಟ್ಟು, ಇದಕ್ಕೂ ಕೀಲಿಗಳಿವೆ, ನಿಮ್ಮ ಕೈಯಲ್ಲಿದ್ದರೆ ಚೆಂದ ಎಂದರಂತೆ. ಪರದೇಶದಿಂದ ತಂದಿದ್ದ ಕಂಪ್ಯೂಟರು ಅದು. ಮಕ್ಕಳು ಬರೆಯುವ ಪಾಟಿಯಷ್ಟು ಅಗಲ, ಎರಡು ಬೆರಳು ದಪ್ಪ, ಮೈತುಂಬ ರಬ್ಬರು ಕೀಲಿ. ಟೀವಿಗೆ ಜೋಡಿಸಿದರೆ ಅದರ ಅಕ್ಷರ ಪರದೆಯ ಮೇಲೆ ಬರುತ್ತಿತ್ತು. ಜೊತೆಗೆ ಸಾಹೇಬರು ಒಂದು ಇಂಗ್ಲಿಷ್ ಮಾಸಪತ್ರಿಕೆ ಕೊಟ್ಟರು. ಅದರ ನಾಲ್ಕು ಪುಟಗಳಲ್ಲಿ ಒಂದು ಆಟವಿತ್ತು. ಚಿತ್ರವಲ್ಲ, ಅಕ್ಷರ ಮತ್ತು ಅಂಕಿ. ಇನ್ನೂರ ಹತ್ತು ಸಾಲು. ಅಷ್ಟನ್ನೂ ತಪ್ಪಿಲ್ಲದೆ ಹೊಡೆದರೆ ಆಟ ಏಳುತ್ತಿತ್ತು.

ಒಂದು ತೊಂದರೆಯಿತ್ತು. ಆ ಡಬ್ಬಿಗೆ ತನ್ನದೆಂಬ ನೆನಪು ಇರಲಿಲ್ಲ. ಹೊಡೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸಬೇಕು, ಮತ್ತೆ ಕ್ಯಾಸೆಟ್ಟಿನಿಂದ ತುಂಬಬೇಕು. ಅದಕ್ಕೆ ಬೇಕಾದ ಟೇಪ್‌ರೆಕಾರ್ಡರನ್ನು ಸಾಹೇಬರು ಹಾಡು ಕೇಳಲೆಂದು ತಾವೇ ತೆಗೆದುಕೊಂಡು ಹೋಗಿದ್ದರು. ಹಾಗಾಗಿ ಸ್ವಿಚ್ಚು ಆರಿಸಿದರೆ ಆಟವೂ ಹೋಯಿತು. ಕರೆಂಟು ಹೋದರೂ ಹೋಯಿತು.

ಕಾರ್ಮಿಕ ಸಂಘದ ಕೋಣೆಯ ಕಪ್ಪುಬಿಳುಪು ಟೀವಿಯನ್ನು ಹೊತ್ತು ತಂದವನು ಜಾಬರ್ ಫಕ್ಕೀರಪ್ಪ. ಗಿರಣಿ ನಡೆಯುವಾಗ ಮೇಸ್ತ್ರಿಯಾಗಿ ನೂರು ಜನರ ಮೇಲೆ ಜೋರು ಮಾಡುತ್ತಿದ್ದವನು. ಮೊದಲ ದಿನ ಅಕ್ಕೋರು ಪತ್ರಿಕೆಯನ್ನು ಪಕ್ಕದಲ್ಲಿ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡು ತಾಸು ಹೊಡೆದರು. ಪರದೆಯ ಕಡೆ ಒಮ್ಮೆಯೂ ನೋಡಲಿಲ್ಲ. ನೋಡದೆ ಹೊಡೆಯುವುದೇ ಅವರ ವಿದ್ಯೆ. ಮುಗಿಸಿ ತಲೆ ಎತ್ತಿದರೆ ಪರದೆಯ ತುಂಬ ಒಂದೇ ದೂರು, ತಪ್ಪು, ತಪ್ಪು, ತಪ್ಪು. ಆದದ್ದು ಇಷ್ಟು. ಅವರ ಹಳೆಯ ಟೈಪ್‌ರೈಟರಿನಲ್ಲಿ ಒಂದರ ಅಂಕಿಗೆ ಬೇರೆ ಕೀಲಿಯೇ ಇರಲಿಲ್ಲ. ಎಲ್ ಅಕ್ಷರ ಹೊಡೆದರೆ ಅದೇ ಒಂದು. ಇಪ್ಪತ್ತು ವರ್ಷದ ರೂಢಿಯಂತೆ ಒಂದು ಬಂದಲ್ಲೆಲ್ಲ ಅವರು ಎಲ್ ಹೊಡೆದಿದ್ದರು. ಟೈಪ್‌ರೈಟರು ಒಪ್ಪಿದ್ದನ್ನು ಈ ಡಬ್ಬಿ ಒಪ್ಪಲಿಲ್ಲ.

“ಅಕ್ಕಾರ, ನಿಮಗೂ ತಪ್ಪು ಹಾಕವ್ರು ಸಿಕ್ಕರಲ್ರಿ!” ಎಂದು ಫಕ್ಕೀರಪ್ಪ ನಕ್ಕನಂತೆ.

“ನಗಬ್ಯಾಡೋ ಫಕ್ಕೀರಪ್ಪ. ನಾಳಿ ಬಾ,” ಎಂದರಂತೆ ಅಕ್ಕೋರು.

ಮರುದಿನ ಅವರ ಎಡಗೈ ಕಿರುಬೆರಳು ಒಂದರ ಕೀಲಿಯನ್ನು ಕಲಿತುಕೊಂಡಿತ್ತು. ಸಂಜೆ ಆರರ ಹೊತ್ತಿಗೆ ಪರದೆಯ ಮೇಲೆ ಹೊಳೆ ಹರಿಯಿತು.

ಆಟ ಬಹಳ ಸಾದಾ. ಇಂಗ್ಲಿಷಿನ ವಿ ಅಕ್ಷರ ದೋಣಿ. ನಕ್ಷತ್ರದ ಗುರುತುಗಳು ಬಂಡೆ. ಬಂಡೆಗಳು ಕೆಳಗಿನಿಂದ ಮೇಲೆ ಬರುತ್ತಿದ್ದವು, ದೋಣಿಯನ್ನು ಎಡಕ್ಕೆ ಬಲಕ್ಕೆ ಸರಿಸಿ ತಪ್ಪಿಸಿಕೊಳ್ಳಬೇಕು. ಬಡಿದರೆ ದೋಣಿ ಮುಳುಗಿತು, ಎಷ್ಟು ದೂರ ಬಂದೆ ಎಂಬ ಅಂಕಿ ಬಂತು, ಮುಂದಿನವರ ಪಾಳಿ. ಅಷ್ಟಕ್ಕೇ ಇಡೀ ಚಾಳು ಕಿಟಕಿಗೆ ಜೋತುಬಿದ್ದಿತ್ತು. ಫಕ್ಕೀರಪ್ಪ ಮೊದಲ ಬಂಡೆಗೇ ಬಡಿದು, ಕೀಲಿ ಸರಿಯಿಲ್ಲ ಎಂದು ಜಗಳ ತೆಗೆದ.

“ಕೀಲಿ ಸರಿ ಐತಿ, ಜಾಬರ್‌ಗೋಳ ಕಣ್ಣು ಗಿರಣ್ಯಾಗ ಉಳದಾವ,” ಎಂದಳು ನೀಲಾ. ನೀಲಾ ಅಕ್ಕೋರ ವಿದ್ಯಾರ್ಥಿನಿ. ಚಾಳಿನಲ್ಲಿ ಫಕ್ಕೀರಪ್ಪನಿಗೆ ಎದುರು ಮಾತಾಡುತ್ತಿದ್ದವಳು ಅವಳೊಬ್ಬಳೇ.

ಗಿರಣಿ ಮುಚ್ಚಿದ ಊರಿನಲ್ಲಿ ಸಂಜೆಯ ಹೊತ್ತು ಕೆಟ್ಟದ್ದು. ಗೇಟಿನ ಮುಂದೆ ದಿನವಿಡೀ ಕುಳಿತು ಬಂದ ಗಂಡಸರು ಮನೆಯಲ್ಲಿ ಮಾತಿಗೆ ಮಾತು ಬೆಳೆಸುತ್ತಿದ್ದರು, ಪಾತ್ರೆಗಳು ಅಂಗಳಕ್ಕೆ ಬೀಳುತ್ತಿದ್ದವು. ಆ ಹೊತ್ತು ಮಕ್ಕಳು ಮನೆಯಲ್ಲಿ ಇರಬಾರದ ಹೊತ್ತು. ಅಕ್ಕೋರು ಇದನ್ನು ಯಾರಿಗೂ ಹೇಳಲಿಲ್ಲ. ಪ್ರತಿದಿನ ನಾಲ್ಕೂವರೆಗೆ ಕುಳಿತರು, ಇನ್ನೂರ ಹತ್ತು ಸಾಲು ಹೊಡೆದರು, ಆರಕ್ಕೆ ಬಾಗಿಲು ತೆರೆದರು. ಕೆಲವು ದಿನ ಗಂಡಸರೂ ಬಂದು ಮಕ್ಕಳ ಹಿಂದೆ ಕೂರುತ್ತಿದ್ದರು. ಆಗ ಅಂಗಳಕ್ಕೆ ಪಾತ್ರೆ ಬೀಳುತ್ತಿರಲಿಲ್ಲ.

ಕರೆಂಟು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ನೂರ ತೊಂಬತ್ತನೆಯ ಸಾಲಿಗೆ ಬಂದಾಗ ಹೋಗುತ್ತಿತ್ತು.

“ಅಕ್ಕಾರ, ಮತ್ತ ಹೋತ್ರಿ!”

“ಹೋದ್ರ ಹೋಗಲಿ. ಬೆರಳು ಎಲ್ಲಿ ಹೋಗ್ಯಾವ?”

ಕರೆಂಟು ಬಂದರೆ ಮೊದಲ ಸಾಲಿನಿಂದ ಮತ್ತೆ. ಒಂದೇ ದಿನ ಹನ್ನೊಂದು ಸಲ ಹೊಡೆದರು ಅನ್ನುತ್ತಾರೆ. ಕರೆಂಟು ಇಲ್ಲದಾಗಲೂ ಅವರು ಹೊಡೆದರೆ ಪರದೆ ಹೊಳೆಯುತ್ತಿತ್ತು ಅನ್ನುವವರೂ ಇದ್ದಾರೆ. ನಾನು ಕಂಡದ್ದು ನಾಲ್ಕು ಸಲ. ನಾಲ್ಕು ಸಾಲದೇ?

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಆ ತಪ್ಪು ಆಯಿತು. ಅದನ್ನು ಮಾಡಿದವರು ಅಕ್ಕೋರೇ. ಅವರ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಟೈಪಿಂಗ್ ಪರೀಕ್ಷೆ ಮುಗಿದ ದಿನ ಆ ವರ್ಷ ಅಭ್ಯಾಸಕ್ಕೆ ಇಟ್ಟಿದ್ದ ಪ್ರತಿಗಳನ್ನೆಲ್ಲ ನೀರೊಲೆಗೆ ಹಾಕಿಬಿಡುತ್ತಿದ್ದರು. ಹಳೆಯ ಪ್ರತಿ ಉಳಿದರೆ ಮುಂದಿನವರು ಅದನ್ನು ಬಾಯಿಪಾಠ ಮಾಡುತ್ತಾರೆ, ಬಾಯಿಪಾಠ ಮಾಡಿದವರು ನೋಡಿ ಹೊಡೆಯುವುದನ್ನು ಕಲಿಯುವುದಿಲ್ಲ ಎಂಬುದು ಅವರ ನಂಬಿಕೆ. ಆ ವರ್ಷವೂ ಹಾಕಿದರು. ಪ್ರತಿಗಳ ಸ್ಟ್ಯಾಂಡಿನಲ್ಲಿ ಇದ್ದದ್ದನ್ನೆಲ್ಲ ಒಂದೇ ಕೈಯಲ್ಲಿ ಎತ್ತಿ ಹಾಕಿದರು. ಅದರಲ್ಲಿ ಮಾಸಪತ್ರಿಕೆಯೂ ಹೋಯಿತು.

ಗೊತ್ತಾದದ್ದು ಮರುದಿನ ನಾಲ್ಕೂವರೆಗೆ. ಅಕ್ಕೋರು ಖಾಲಿ ಸ್ಟ್ಯಾಂಡಿನ ಮುಂದೆ ನಿಂತರು. ಊರಿನಲ್ಲಿ ಇನ್ನೊಂದು ಪತ್ರಿಕೆ ಇಲ್ಲ. ಸಾಹೇಬರ ವಿಳಾಸ ಯಾರಲ್ಲೂ ಇಲ್ಲ. ಕಿಟಕಿಯಲ್ಲಿ ಮಕ್ಕಳು ತುಂಬಿದ್ದರು. ಅಕ್ಕೋರು ಕುಳಿತರು. ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟರು. ಬಾಯಿಪಾಠವನ್ನು ಜೀವಮಾನವಿಡೀ ಬೈದವರು ಕಣ್ಣು ಮುಚ್ಚಿ ಹೊಡೆಯಲು ಶುರುಮಾಡಿದರು.

ಆ ದಿನ ಅವರ ತುಟಿ ಅಲುಗಲಿಲ್ಲ ಅನ್ನುತ್ತಾರೆ. ಕೇಳಿದರೆ, ಇಪ್ಪತ್ತನೆಯ ಸಾಲು ಯಾವುದೆಂದು ಹೇಳಲು ಅವರಿಗೆ ಬರುತ್ತಿರಲಿಲ್ಲ ಅನ್ನುತ್ತಾರೆ. ಅದು ನಿಜ, ನಾನೇ ಕೇಳಿದ್ದೇನೆ. ತಲೆಗೆ ಗೊತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ಎಲ್ಲಾದರೂ ನಿಂತರೆ ಮುಂದಿನದು ಬರುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಓಡಿಬರಬೇಕಿತ್ತು. ಮೂರನೆಯ ಓಟಕ್ಕೆ ಇನ್ನೂರ ಹತ್ತು ಮುಗಿಯಿತು. ಹೊಳೆ ಹರಿಯಿತು. ಮಕ್ಕಳು ಕೂಗಿದ ಕೂಗಿಗೆ ಗೇಟಿನ ಮುಂದೆ ಕುಳಿತಿದ್ದವರು ಗಿರಣಿ ತೆರೆಯಿತೆಂದು ಎದ್ದು ನಿಂತರು ಅನ್ನುತ್ತಾರೆ.

ಅಂದಿನಿಂದ ಆ ಆಟ ಭೂಮಿಯ ಮೇಲೆ ಇದ್ದದ್ದು ಒಂದೇ ಜಾಗದಲ್ಲಿ, ನಮ್ಮ ಅಕ್ಕೋರ ಹತ್ತು ಬೆರಳುಗಳಲ್ಲಿ. ನಾವು ಹಾಗೇ ನಂಬಿದ್ದೆವು.

ಕೆಲವು ವರ್ಷಗಳ ಮೇಲೆ ಅವರ ಗೆಣ್ಣುಗಳು ಬಾತವು. ಮೊದಲು ಬಲಗೈ, ಆಮೇಲೆ ಎಡಗೈ. ಬಿಸಿ ನೀರಿನಲ್ಲಿ ಅದ್ದಿಕೊಂಡು ಹೊಡೆಯುತ್ತಿದ್ದರು. ಒಂದೂವರೆ ತಾಸಿನ ಕೆಲಸ ಮೂರು ತಾಸಾಯಿತು. ಒಂದು ಸಂಜೆ ನೂರನೆಯ ಸಾಲಿನಲ್ಲಿ ಕೈ ನಿಂತಿತು. ಮಕ್ಕಳು ಕತ್ತಲಾಗುವವರೆಗೆ ಕಾದು, ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಮನೆಗೆ ಹೋಗುವ ಮನಸ್ಸು ಅವರ ನಡಿಗೆಯಲ್ಲಿ ಇರಲಿಲ್ಲ. ಅಕ್ಕೋರು ಅದನ್ನು ಬಾಗಿಲಲ್ಲಿ ನಿಂತು ನೋಡಿದರು.

ಮರುದಿನ ಅವರು ನಮ್ಮನ್ನು ಕರೆಸಿದರು. ಆಗ ಶಾಲೆಯಲ್ಲಿ ಇಪ್ಪತ್ತೊಂದು ಜನ ಕಲಿಯುತ್ತಿದ್ದೆವು. “ಈ ಬೆರಳಿನ ಜೋಡಿ ಆಟಾನೂ ಹೋಗತೈತಿ. ಹೋಗಬಾರದು. ಒಬ್ಬರಿಗೆ ಕೊಟ್ರ ಮತ್ತ ಇದ ಹಾಡು. ನಿಮಗೆಲ್ಲಾರಿಗೂ ಹತ್ತ್ ಹತ್ತು ಸಾಲು,” ಎಂದರು. ಬರೆದುಕೊಳ್ಳಲು ಬಿಡಲಿಲ್ಲ. ಬರೆದ ಕಾಗದ ಒಲೆಗೆ ಹೋಗುತ್ತದೆ ಎಂದರು. ನಮ್ಮ ಬೆರಳುಗಳ ಮೇಲೆ ತಮ್ಮ ಬಾತ ಬೆರಳುಗಳನ್ನು ಇಟ್ಟು, ಕೀಲಿಯಿಂದ ಕೀಲಿಗೆ ಒಯ್ದರು. ಆ ಸಾಲು ಸಿಗಲು ಅವರು ಮೊದಲಿನಿಂದ ನಿಧಾನವಾಗಿ ಬೆರಳಾಡಿಸುತ್ತ ಬರಬೇಕಿತ್ತು, ಹಾಗಾಗಿ ಒಂದೊಂದು ಸಾಲಿಗೆ ಒಂದೊಂದು ದಿನ. ಒಬ್ಬರ ಪಾಲು ಇನ್ನೊಬ್ಬರು ಹೊಡೆಯಬಾರದು ಎಂದು ಕಟ್ಟಪ್ಪಣೆ ಮಾಡಿದರು. ಹಾಗೆ ಮಾಡಿದರೆ ಜಾಣನೊಬ್ಬ ಎಲ್ಲವನ್ನೂ ಹೊಡೆಯುತ್ತಾನೆ, ಉಳಿದವರು ಮರೆಯುತ್ತಾರೆ ಎಂಬುದು ಅವರ ಲೆಕ್ಕ.

ಹದಿನಾರನೆಯ ಪಾಲು ನೀಲಾಳಿಗೆ ಬಂತು. ಬಂಡೆಗೆ ಬಡಿದರೆ ದೋಣಿ ಮುಳುಗಿಸುವ ಹತ್ತು ಸಾಲು.

“ಎಲ್ಲಾರಿಗೂ ಹೊಳಿ, ದೋಣಿ ಕೊಟ್ಟು ನನಗ ಮುಳುಗಸೂದು ಕೊಟ್ರಿ! ನಾ ಏನ್ ಅಷ್ಟು ಕೆಟ್ಟಾಕಿ ಏನ್ರಿ?”

“ಕೆಟ್ಟಾಕಿ ಅಲ್ಲವಾ, ಗಟ್ಟಿಗಿತ್ತಿ. ಬಾ ಇಲ್ಲಿ, ಬೆರಳು ಕೊಡು.”

ಹದಿನೇಳನೆಯದು ನನ್ನದು.

ಏಳು ತಿಂಗಳ ಮೇಲೆ ಒಂದು ಭಾನುವಾರ ನಾವು ಇಪ್ಪತ್ತೊಂದು ಜನ ಸಾಲಾಗಿ ಕುಳಿತೆವು. ಅಕ್ಕೋರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಒಬ್ಬರು ಎದ್ದರೆ ಇನ್ನೊಬ್ಬರು ಅದೇ ಸ್ಟೂಲಿಗೆ. ಕರೆಂಟು ಹೋಗದಿರಲೆಂದು ಫಕ್ಕೀರಪ್ಪ ಕಂಬದ ಬುಡದಲ್ಲಿ ಕೈಮುಗಿದು ನಿಂತಿದ್ದ. ಆರನೆಯವನು ಬೆವರಿ ಒಂದು ಅಂಕಿ ತಪ್ಪಿದ, ತಾನೇ ತಿದ್ದಿಕೊಂಡ. ಇಪ್ಪತ್ತೊಂದನೆಯವಳು ಕೊನೆಯ ಕೀಲಿ ಒತ್ತಿ ಎದ್ದಳು. ಹೊಳೆ ಹರಿಯಿತು. ಅಷ್ಟು ವರ್ಷ ದಿನವೂ ಆ ಆಟವನ್ನು ಎಬ್ಬಿಸಿದ ಅಕ್ಕೋರು ಒಮ್ಮೆಯೂ ಆಡಿರಲಿಲ್ಲ. ಆ ದಿನ ಡಬ್ಬಿಯನ್ನು ಅವರ ತೊಡೆಯ ಮೇಲೆ ಇಟ್ಟೆವು. ನಾಲ್ಕನೆಯ ಬಂಡೆಗೆ ಬಡಿದು ಮುಳುಗಿದರು. ಬಾಯಿತುಂಬ ನಕ್ಕರು.

“ನೀಲಾನ ಸಾಲು ಚಲೋ ಕೆಲಸ ಮಾಡತಾವ,” ಎಂದರು.

ಅವರು ಹೋದದ್ದು ಆ ವರ್ಷದ ದವನದ ಹುಣ್ಣಿಮೆಯ ಹೊತ್ತಿಗೆ. ಗಿರಣಿ ಮತ್ತೆ ತೆರೆಯಲಿಲ್ಲ. ಚಾಳಿನವರು ಬೇರೆ ಬೇರೆ ಊರುಗಳಿಗೆ ಹೋದರು. ಆದರೂ ಪ್ರತಿ ವರ್ಷ ಆ ಹುಣ್ಣಿಮೆ ಕಳೆದ ಮೊದಲ ಭಾನುವಾರ ಪಾಲು ಪಡೆದವರೆಲ್ಲ ಮುತ್ತಗುಂದಿಗೆ ಬರುತ್ತಾರೆ. ಕೆಂಪು ಬಟ್ಟೆಯಿಂದ ಡಬ್ಬಿಯನ್ನು ಬಿಚ್ಚುತ್ತಾರೆ. ತಮ್ಮ ತಮ್ಮ ಹತ್ತು ಸಾಲು ಹೊಡೆದು ಏಳುತ್ತಾರೆ. ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲೆ ಅಭ್ಯಾಸ ಮಾಡುತ್ತ ಬರುವವರನ್ನು ಕಂಡಕ್ಟರುಗಳು ಗುರುತಿಸುತ್ತಾರೆ ಅನ್ನುತ್ತಾರೆ.

ಈಗ ಇಪ್ಪತ್ತು ಜನ. ನೀಲಾ ತೀರಿಕೊಂಡು ಮೂರು ವರ್ಷವಾಯಿತು. ಹದಿನಾರನೆಯ ಪಾಳಿ ಬಂದಾಗ ಸ್ಟೂಲು ಖಾಲಿ ಇರುತ್ತದೆ. ಹತ್ತು ಸಾಲು ಹೊಡೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂರುತ್ತಾರೆ. ಆಮೇಲೆ ನಾನು ಏಳುತ್ತೇನೆ. ಅವಳು ಹೋದ ಮೊದಲ ವರ್ಷ, ಮುದುಕನಾಗಿದ್ದ ಫಕ್ಕೀರಪ್ಪ ಶಾಲೆಯ ಮಾಸ್ತರನಾಗಿದ್ದ ನನ್ನನ್ನು ಕೇಳಿದ, “ಮಾಸ್ತರ, ಆ ಸಾಲು ನಿಮಗ ಗೊತ್ತಿರಬೇಕಲ್ರಿ?” ಗೊತ್ತು. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಇದ್ದೆವು. ಚಹಾ ಕುದಿಯುವಾಗ ಅವಳು ಒಲೆಯ ಕಟ್ಟೆಯ ಮೇಲೆ ಅವನ್ನೇ ಬೆರಳಾಡಿಸುತ್ತ ನಿಲ್ಲುತ್ತಿದ್ದಳು. ಆದರೆ ಒಬ್ಬರ ಪಾಲು ಇನ್ನೊಬ್ಬರು ಹೊಡೆಯಬಾರದು ಎಂದು ಅಕ್ಕೋರು ಹೇಳಿದ್ದರು. ನಾನು ಅಷ್ಟನ್ನೇ ಹೇಳಿದೆ.

ಆ ಹತ್ತು ಸಾಲು ಇಲ್ಲದೆಯೂ ಆಟ ಏಳುತ್ತದೆ. ಹೊಳೆ ಹರಿಯುತ್ತದೆ, ಬಂಡೆಗಳು ಬರುತ್ತವೆ. ದೋಣಿ ಬಂಡೆಯ ಮೇಲೇ ಹಾದು ಮುಂದಕ್ಕೆ ಹೋಗುತ್ತದೆ, ಮುಳುಗುವುದಿಲ್ಲ. ನೋಡಲು ಬಂದ ಮಕ್ಕಳು, ಇದರಲ್ಲಿ ಸೋಲೇ ಇಲ್ಲ ಎಂದು ಮೊದಲು ಗೊಣಗುತ್ತಾರೆ. ಆಮೇಲೆ ಮಾತು ನಿಲ್ಲಿಸಿ, ಪಾಳಿಯ ಜಗಳವನ್ನೂ ಮರೆತು, ದೋಣಿ ಹೋಗುವುದನ್ನು ನೋಡುತ್ತ ಕೂರುತ್ತಾರೆ. ಆಟ ತಾನಾಗಿ ಮುಗಿಯುವುದಿಲ್ಲವಾದ್ದರಿಂದ, ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾದಾಗ ಯಾರಾದರೂ ಎದ್ದು ಸ್ವಿಚ್ಚು ಆರಿಸಬೇಕು. ಆ ಕೆಲಸವನ್ನು ಅವರು ನನಗೆ ಬಿಟ್ಟಿದ್ದಾರೆ. ನಾನು ಅವಸರ ಮಾಡುವುದಿಲ್ಲ.