ಒಂದೇ ರೆಕ್ಕೆ ಕತ್ತರಿಸಿದ ಕೋಳಿ

"ಗುರುಗಳೇ, ಅರ್ಧ ಕೊಟ್ಟವನೂ ತಪ್ಪುಗಾರನೇ?" ಎಂದು ಶಿಷ್ಯ ಕೇಳಿದ.

ಅವನ ತಂಗಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಹೊಲಿಗೆ ಕಲಿತಿದ್ದಳು. ಪೇಟೆಯಲ್ಲಿ ಅಂಗಡಿ ಇಟ್ಟು ನನ್ನ ಅನ್ನ ನಾನು ದುಡಿಯುತ್ತೇನೆ ಎನ್ನುತ್ತಿದ್ದಳು. ಶಿಷ್ಯ ಹೊಲಿಗೆ ಯಂತ್ರ ತಂದುಕೊಟ್ಟ, ಪೇಟೆಗೆ ಮಾತ್ರ ಹೋಗಕೂಡದು ಎಂದ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಿದ್ದಳು.

"ಪೂರ್ತಿ ಬೇಡ ಅಂದಿಲ್ಲವಲ್ಲ. ಮನೆಯಲ್ಲೇ ಕೂತು ಹೊಲಿ ಅಂದೆ. ಊರಲ್ಲಿ ಬೇರೆ ಯಾವ ಅಣ್ಣ ಇಷ್ಟು ಬಿಟ್ಟಿದ್ದಾನೆ, ಹೇಳಿ."

ಗುರುಗಳು ಅವನಿಗೆ ಕೂರಲು ಹೇಳಿ ಕತೆ ಶುರು ಮಾಡಿದರು.

ಒಬ್ಬ ರೈತನ ಹಿತ್ತಲಲ್ಲಿ ಐದು ಕೋಳಿಗಳಿದ್ದವು. ಅವುಗಳಲ್ಲಿ ಒಂದು ಕೆಂಪು ಹೇಂಟೆ ದಿನಾ ಬೇಲಿ ಹಾರಿ ಪಕ್ಕದ ಮನೆಯ ಮೆಂತ್ಯದ ಮಡಿ ಕೆದರುತ್ತಿತ್ತು. ಪಕ್ಕದ ಮನೆಯವಳು ಬೇಲಿಯಾಚೆ ನಿಂತು, "ಅಣ್ಣಾ, ಮೆಂತ್ಯ ಬಿತ್ತಿದ್ದು ಸಾರಿಗೆ. ನಿನ್ನ ಕೋಳಿ ಇನ್ನೊಂದು ಸಲ ಬಂದರೆ ಅದೂ ಸಾರಿಗೇ," ಎಂದಳು.

ಬೇಲಿ ಎತ್ತರಿಸಿ ಎಂದು ರೈತನ ಹೆಂಡತಿ ಹೇಳಿದಳು. ಮುಳ್ಳು ಕಡಿದು ತರುವುದು ಅವನಿಗೆ ಬೇಡವಾಗಿತ್ತು. ಕತ್ತರಿ ಕೈಗೆ ಹತ್ತಿರವಿತ್ತು. ಹೇಂಟೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಬಲ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದ. ರಕ್ತ ಬರಲಿಲ್ಲ. ಎಡ ರೆಕ್ಕೆಯನ್ನು ಮುಟ್ಟಲಿಲ್ಲ. ಪಾಪ, ಒಂದಾದರೂ ಇರಲಿ ಎಂದ. ತನ್ನ ದಯೆಯನ್ನು ಬೀದಿಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದ.

ಹೇಂಟೆ ಬೇಲಿ ದಾಟುವುದು ನಿಂತಿತು. ಆದರೆ ಸಂಜೆಯಾದರೆ ಕೋಳಿಗಳು ನುಗ್ಗೆ ಮರ ಏರಿ ಕೂರಬೇಕು. ನೆಲದಲ್ಲಿ ಉಳಿದದ್ದನ್ನು ಕಾಡುಬೆಕ್ಕು ಬಿಡುತ್ತಿರಲಿಲ್ಲ. ನಾಲ್ಕು ಹಾರಿ ಕೂತವು. ಕೆಂಪು ಹೇಂಟೆಯೂ ಹಾರಿತು. ಮೊಳದೆತ್ತರ ಏಳುವಷ್ಟರಲ್ಲಿ ಬಲಕ್ಕೆ ವಾಲಿ ಮಗುಚಿ ಬಿತ್ತು. ಎದ್ದು ಮತ್ತೆ ಹಾರಿತು, ಮತ್ತೆ ಬಿತ್ತು. ಸಾಕು ಎನ್ನಲಿಲ್ಲ.

ಮೂರು ಸಂಜೆ ಹೆಂಡತಿ ಅದನ್ನು ಎತ್ತಿ ಕೊಂಬೆಯ ಮೇಲೆ ಕೂರಿಸಿದಳು. ನಾಲ್ಕನೆಯ ಸಂಜೆ ಅವಳಿಗೆ ಅನ್ನಿಸಿತು: ಒಂದು ದಿನ ನಾನು ಮನೆಯಲ್ಲಿ ಇಲ್ಲದಿದ್ದರೆ ಇದರ ಗತಿ ಏನು?

ಜಗಲಿಯಲ್ಲಿ ಕೂತಿದ್ದ ಗಂಡ ಹೇಳಿದ, "ಇನ್ನೊಂದು ರೆಕ್ಕೆ ಇಡಿಯಾಗಿ ಇದೆಯಲ್ಲೇ. ಅದರಲ್ಲಿ ಅರ್ಧ ಮರವಾದರೂ ಹಾರಬಾರದೇ ಈ ಸೋಮಾರಿ?"

"ನಿಮ್ಮ ಒಂದು ಕಾಲನ್ನು ಮೊಳ ಗಿಡ್ಡ ಮಾಡುತ್ತೇನೆ. ಇನ್ನೊಂದು ಉದ್ದವಿದೆ ಎಂದು ಓಡಿ ತೋರಿಸಿ."

ಅವಳು ಕತ್ತರಿ ತಂದಳು. ಹೋದ ಗರಿಯನ್ನು ಅಂಟಿಸುವ ಹಾಗಿರಲಿಲ್ಲ. ಬಲ ರೆಕ್ಕೆಯನ್ನು ಬಿಡಿಸಿ ಅಳತೆ ನೋಡಿ, ಎಡ ರೆಕ್ಕೆಯನ್ನೂ ಅಷ್ಟಕ್ಕೇ ಕತ್ತರಿಸಿದಳು.

"ಇದ್ದದ್ದನ್ನೂ ತೆಗೆದೆಯಲ್ಲೇ! ನಿನಗೆ ಕರುಳಿಲ್ಲವೇ?" ಎಂದು ಗಂಡ ಕೂಗಿಕೊಂಡ.

ಅವಳು ಹೇಂಟೆಯನ್ನು ನೆಲಕ್ಕೆ ಬಿಟ್ಟಳು. ಅದು ಎರಡು ಗಿಡ್ಡ ರೆಕ್ಕೆಗಳನ್ನು ಜೋರಾಗಿ ಬಡಿಯಿತು. ವಾಲಲಿಲ್ಲ. ತೀರ ಕೆಳಗಿನ ಕೊಂಬೆಯನ್ನು ಹಿಡಿಯಿತು, ಅಲ್ಲಿಂದ ಮೇಲಿನದನ್ನು, ಅಲ್ಲಿಂದ ಇನ್ನೂ ಮೇಲಿನದನ್ನು. ಮರುದಿನ ಬೆಳಗ್ಗೆ ಅವಳೇ ಮುಳ್ಳು ಕಡಿದು ತಂದಳು. ಗರಿ ಮತ್ತೆ ಬೆಳೆಯುವುದರೊಳಗೆ ಬೇಲಿ ಎರಡು ಮೊಳ ಎತ್ತರವಾಗಿತ್ತು. ಆ ಮನೆಯಲ್ಲಿ ಕತ್ತರಿ ಮತ್ತೆ ಕೋಳಿಯ ಹತ್ತಿರ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಏನೇ ಆಗಲಿ, ರೈತ ಒಂದು ರೆಕ್ಕೆಯನ್ನು ಉಳಿಸಿದ್ದನಲ್ಲ ಗುರುಗಳೇ," ಎಂದ.

"ಹೌದು. ಹೇಂಟೆಯನ್ನು ಕೆಡವುತ್ತಿದ್ದುದು ಆ ರೆಕ್ಕೆಯೇ," ಎಂದರು ಗುರುಗಳು.